ಕೀವಿನ ಮೂಲ ಕಂಡ ಸರ್ ಅಲೆಗ್ಸಾಂಡರ್ ಆಗ್‌ಸ್ಟನ್

ಕುರು, ಉಗುರುಸುತ್ತು, ಕೀವಾದ ಗಾಯ, ಇವುಗಳ ಯಾತನೆಯನ್ನು ಅನುಭವಿಸದವರು ನಮ್ಮಲ್ಲಿ ವಿರಳ. ಕುರು ಹಣ್ಣಾಗಿ ಒಡೆದು ಕೀವು ಹರಿದರೆ ಮೈಯೊಳಗಿನ ಕೆಟ್ಟದ್ದೆಲ್ಲ ಹೊರಟುಹೋಯಿತೆಂದು ಹಿರಿಯರು ಸಮಾಧಾನಪಡುತ್ತಾರೆ. ಇದು ಓದು ಬಾರದವರ ನಂಬಿಕೆ ಮಾತ್ರವೆಂದು ಯಾರೂ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಯೂರೋಪಿನ ಹೆಸರಾಂತ ವೈದ್ಯರೇ ಗಾಯದಲ್ಲಿ ಗಟ್ಟಿಯಾದ ಬಿಳಿಯ ಕೀವನ್ನು ಕಂಡರೆ ಅದನ್ನು ಶುಭಸೂಚನೆಯೆಂದು ಎಣಿಸುತ್ತಿದ್ದರು. ಆ ಕೀವಿನ ನಿಜವಾದ ಕಾರಣವನ್ನು ಕಣ್ಣಾರೆ ಕಂಡು, ಪರೀಕ್ಷಿಸಿ, ಲೋಕಕ್ಕೆ ಸಾರಿದ ಶಸ್ತ್ರವೈದ್ಯರೊಬ್ಬರ ಜೀವನವನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಅಲೆಗ್ಸಾಂಡರ್ ಆಗ್‌ಸ್ಟನ್ನರು 1844ರ ಏಪ್ರಿಲ್ 19ರಂದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜನಿಸಿದರು. ತಂದೆ ಫ್ರಾನ್ಸಿಸ್ ಆಗ್‌ಸ್ಟನ್ನರು ಅಲ್ಲಿ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಓದಿದವರ ಮನೆಯಲ್ಲಿ ಹುಟ್ಟಿದ್ದು ಅವರ ಭಾಗ್ಯ. ಮನೆತನದಲ್ಲೇ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಆ ಭಾಗ್ಯವನ್ನು ಅವರು ಕುಳಿತು ಉಣ್ಣಲಿಲ್ಲ. 1865ರಲ್ಲಿ ವೈದ್ಯ ಪದವಿ ಪಡೆದರು. ಬರ್ಲಿನ್, ವಿಯೆನ್ನಾ ಮೊದಲಾದ ನಗರಗಳಲ್ಲೂ ವಿದ್ಯಾಭ್ಯಾಸ ಮಾಡಿದರು. ಅಲ್ಲಿ ಕಲಿತ ಜರ್ಮನ್ ಭಾಷೆ ಮುಂದೆ ಅವರಿಗೆ ಎಷ್ಟು ಉಪಕಾರವಾಯಿತೆಂಬುದು ಸ್ವಲ್ಪದರಲ್ಲೇ ತಿಳಿಯುತ್ತದೆ.

ಅವರು ಕೆಲಸಕ್ಕೆ ಸೇರಿದ ಕಾಲದ ಆಸ್ಪತ್ರೆಗಳ ಸ್ಥಿತಿಯನ್ನು ನೆನೆದರೆ ಮೈ ನಡುಗುತ್ತದೆ. ಶಸ್ತ್ರಕ್ರಿಯೆ ಚೆನ್ನಾಗಿಯೇ ನಡೆಯುತ್ತಿತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಗಾಯ ಕೀವಾಗಿ, ನಂಜು ರಕ್ತಕ್ಕೇರಿ ರೋಗಿ ಸಾಯುತ್ತಿದ್ದ. ವೈದ್ಯರು ಒಂದು ಗಾಯವನ್ನು ಮುಟ್ಟಿದ ಕೈಯಿಂದಲೇ ಇನ್ನೊಂದನ್ನು ಮುಟ್ಟುತ್ತಿದ್ದರು. ಇಂಥ ಸಮಯದಲ್ಲಿ, 1867ರಲ್ಲಿ, ಗ್ಲಾಸ್ಗೋ ನಗರದ ಜೋಸೆಫ್ ಲಿಸ್ಟರರು ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ತೊಳೆದು ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಆಗ್‌ಸ್ಟನ್ನರು ಸ್ವತಃ ಹೋಗಿ ಅವರ ರೋಗಿಗಳನ್ನು ಕಂಡರು, ಕಂಡು ಬೆರಗಾದರು. ಅಬರ್ಡೀನಿಗೆ ಮರಳಿ ಅದೇ ವಿಧಾನವನ್ನು ಕೈಗೊಂಡರು. ಆದರೆ ಒಂದು ಸಂಶಯ ಅವರನ್ನು ಕಾಡತೊಡಗಿತು. ಕಾರ್ಬಾಲಿಕ್ ಆಮ್ಲ ಏನನ್ನು ಕೊಲ್ಲುತ್ತದೆ? ಗಾಳಿಯಲ್ಲಿ ಏನೋ ಇದೆಯೆಂದು ಹೇಳುವವರಿದ್ದರು. ಅದು ಇಂಥದೇ ಎಂದು ಬೊಟ್ಟುಮಾಡಿ ತೋರಿಸಿದವರು ಇರಲಿಲ್ಲ.

ಯೂನಿಯನ್ ಸ್ಟ್ರೀಟಿನಲ್ಲಿದ್ದ ತಮ್ಮ ಮನೆಯ ಹಿಂದೆ ಅವರು ಸಣ್ಣದೊಂದು ಪ್ರಯೋಗಶಾಲೆಯನ್ನು ಕಟ್ಟಿಕೊಂಡರು. ಬ್ರಿಟಿಷ್ ವೈದ್ಯ ಸಂಘದಿಂದ 50 ಪೌಂಡುಗಳ ಸಹಾಯ ದೊರೆಯಿತು; ಒಳ್ಳೆಯ ಸೂಕ್ಷ್ಮದರ್ಶಕವೊಂದು ಬಂದಿತು. ಕಾಲು ಊದಿ ಕೀವು ತುಂಬಿದ್ದ ತರುಣನೊಬ್ಬನ ಬಾವಿನಿಂದ ಕೀವನ್ನು ತೆಗೆದು, ನೇರಿಳೆ ಬಣ್ಣ ಹಾಕಿ ನೋಡಿದರು. ಗುಂಡಗಿನ ಪುಟ್ಟ ಕಣಗಳು ಗೊಂಚಲು ಗೊಂಚಲಾಗಿ ಕಂಡವು. ಆದರೆ ಕೀವಿನಲ್ಲಿ ಕಂಡಮಾತ್ರಕ್ಕೆ ಅವೇ ಕೀವಿಗೆ ಕಾರಣವೆನ್ನಲಾದೀತೆ? ಕೊಳೆತ ಹಣ್ಣಿನ ಮೇಲೆ ನೊಣ ಕೂತಿರುತ್ತದೆ. ಹಣ್ಣನ್ನು ಕೊಳೆಸಿದ್ದು ನೊಣವೇ ಎಂದು ಯಾರೂ ಹೇಳುವುದಿಲ್ಲ. ಆಗ್‌ಸ್ಟನ್ನರ ಹಿರಿಮೆಯಿರುವುದು ಇಲ್ಲಿಂದ ಮುಂದೆ, ಎಂದು ನನ್ನ ಎಣಿಕೆ. ಅವರು ಹತ್ತಾರು ಬಾವುಗಳ ಕೀವನ್ನು ಪರೀಕ್ಷಿಸಿದರು. ಕಾವು, ಕೆಂಪು, ನೋವು ಕೂಡಿದ ಬಾವುಗಳಲ್ಲಿ ಈ ಕಣಗಳಿದ್ದವು. ನೋವಿಲ್ಲದೆ ನಿಧಾನವಾಗಿ ಬೆಳೆಯುವ ತಣ್ಣನೆಯ ಬಾವುಗಳಲ್ಲಿ ಇರಲಿಲ್ಲ. ಕಣಗಳಿದ್ದ ಕೀವನ್ನು ಇಲಿಗಳ ಮೈಗೆ ಚುಚ್ಚಿದರೆ ಅಲ್ಲಿ ಹೊಸ ಬಾವು ಎದ್ದಿತು. ಅದೇ ಕೀವನ್ನು ಕಾಯಿಸಿ, ಇಲ್ಲವೆ ಕಾರ್ಬಾಲಿಕ್ ಬೆರೆಸಿ ಚುಚ್ಚಿದರೆ ಏನೂ ಆಗಲಿಲ್ಲ. ತಣ್ಣನೆಯ ಬಾವಿನ ಕೀವೂ ಏನೂ ಮಾಡಲಿಲ್ಲ. ಇಷ್ಟು ಸಾಲದೆಂದು, ಹೊಸದಾಗಿ ಇಟ್ಟ ಕೋಳಿಮೊಟ್ಟೆಯೊಳಗೆ ಕಣಗಳನ್ನು ಬೆಳೆಸಿ, ಆ ಬೆಳೆಯಿಂದಲೂ ಬಾವು ಏಳುವುದನ್ನು ಕಂಡುಕೊಂಡರು. ಪ್ರಯೋಗಶಾಲೆಯ ಸಲಕರಣೆ ಇಲ್ಲದೆಡೆ ಅಡುಗೆಮನೆಯ ಮೊಟ್ಟೆಯನ್ನೇ ಸಾಧನ ಮಾಡಿಕೊಂಡ ಈ ಯುಕ್ತಿ ನನಗೆ ತುಂಬ ಮೆಚ್ಚಿಗೆಯಾಯಿತು.

1880ರ ಏಪ್ರಿಲ್ 9ರಂದು ಬರ್ಲಿನ್ನಿನಲ್ಲಿ ಸೇರಿದ್ದ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅವರು ಈ ವಿಚಾರವನ್ನು ಮಂಡಿಸಿದರು. ಪ್ರಬಂಧ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪಾಶ್ಚರರೂ ಕುರುವಿನ ಕೀವಿನಲ್ಲಿ ಇಂಥದೇ ಅಣುಜೀವಿಯನ್ನು ಕಂಡಿದ್ದರು. ಸ್ವದೇಶದಲ್ಲಿ ಮಾತ್ರ ಆಗ್‌ಸ್ಟನ್ನರಿಗೆ ಆದರ ದೊರೆಯಲಿಲ್ಲ. ಇಂಗ್ಲಿಷ್ ವೈದ್ಯ ಪತ್ರಿಕೆಯವರಿಗೆ ಉತ್ತರದ ಮೂಲೆಯ ಊರಿನಿಂದ ಇಷ್ಟು ದೊಡ್ಡ ಸಂಗತಿ ಬಂದೀತೆಂದು ನಂಬಿಕೆಯೇ ಇಲ್ಲ. ಲಿಸ್ಟರರ ಅನುಯಾಯಿಗಳಲ್ಲೇ ಕೆಲವರು ಆ ಕಣಗಳು ನಿರಪಾಯವೆಂದು ವಾದಿಸಿದರು. ಆಗ್‌ಸ್ಟನ್ನರು ಜಗಳಕ್ಕೆ ನಿಲ್ಲಲಿಲ್ಲ. ಮತ್ತೆರಡು ಪ್ರಬಂಧಗಳನ್ನು ಬರೆದರು.

1882ರ ಪ್ರಬಂಧದಲ್ಲಿ ಅವರು ಆ ಅಣುಜೀವಿಗೆ ಸ್ಟೆಫಿಲೊಕಾಕಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸ್ಟೆಫಿಲೆ ಎಂದರೆ ದ್ರಾಕ್ಷಿಗೊಂಚಲು, ಕಾಕಸ್ ಎಂದರೆ ಕಾಳು. ಸರದಂತೆ ಸಾಲುಗಟ್ಟುವ ಸ್ಟ್ರೆಪ್ಟೊಕಾಕಸ್ಸಿಗಿಂತ ಇದು ಬೇರೆಯೆಂದೂ ಅವರು ತೋರಿಸಿದ್ದರು. ಹೆಸರನ್ನು ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕರಾದ ಗೆಡ್ಡೆಸ್ ಅವರು. ಕಲಾ ವಿಭಾಗದವರಿಂದ ವಿಜ್ಞಾನಕ್ಕೇನು ಲಾಭವೆಂದು ಕೇಳುವ ಗೆಳೆಯರು ಇದನ್ನು ಗಮನಿಸಬೇಕಾಗಿ ಕೋರುತ್ತೇನೆ! ಎರಡು ವರ್ಷಗಳ ಅನಂತರ ಜರ್ಮನಿಯ ರೋಸೆನ್‌ಬಾಕರು ಅದನ್ನು ಪ್ರತ್ಯೇಕವಾಗಿ ಬೆಳೆಸಿ, ಹೊಂಬಣ್ಣದ್ದನ್ನು ಆರಿಯಸ್ ಎಂದು ಕರೆದರು. ಅಷ್ಟರಲ್ಲಿ ವಿವಾದ ತಣ್ಣಗಾಗಿತ್ತು.

ನಾನು ವಾಸವಾಗಿರುವ ದೀಪಾಂಜಲಿ ನಗರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಅನೇಕರು. ಸೂಜಿ ಚುಚ್ಚಿ ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸುವುದು ಇಂದಿಗೂ ಉಂಟು. ನಿಂಬೆ ತೊಟ್ಟು ವಾರ ಕಾದು, ಕಡೆಗೆ ಬೆರಳನ್ನು ಕೊಯ್ಯಿಸಿಕೊಂಡು ಬಂದವರೂ ಉಂಟು. ಕೂಲಿ ಹೋಗುವುದೆಂಬ ಭಯದಿಂದ ಕಾಯುತ್ತಾರೆಯೇ ಹೊರತು ತಿಳಿವಳಿಕೆ ಇಲ್ಲದೆ ಅಲ್ಲ. ನಮ್ಮವರು ಇಂಥದಕ್ಕೆಲ್ಲ ಹೋಗುವ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಆ ಹೊತ್ತಿಗೆ ಕೀವಿನ ಮೂಲ ತಿಳಿದು ಇಪ್ಪತ್ತು ವರ್ಷಗಳಾಗಿದ್ದವು.

1882ರಲ್ಲಿ ಆಗ್‌ಸ್ಟನ್ನರು ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾದರು. 1909ರವರೆಗೆ ಆ ಪೀಠದಲ್ಲಿದ್ದರು. ಅಣುಜೀವಿಗಳ ಸಂಶೋಧನೆಗೆ ಅವರು ಮರಳಲಿಲ್ಲವೆಂಬುದು ಸ್ವಲ್ಪ ವ್ಯಸನದ ಸಂಗತಿ. 1885ರಲ್ಲಿ ಈಜಿಪ್ಟ್ ಕಡೆಯ ಯುದ್ಧಕ್ಕೆ ಹೋಗಿ, ಗಾಯಾಳು ಸೈನಿಕರ ದುರವಸ್ಥೆಯನ್ನು ಕಂಡು ಬಂದು ಸೇನೆಯ ವೈದ್ಯವ್ಯವಸ್ಥೆಯನ್ನು ಬಹಿರಂಗವಾಗಿ ಖಂಡಿಸಿದರು. 1898ರಲ್ಲಿ ಸೇನೆಗೆ ಪ್ರತ್ಯೇಕ ವೈದ್ಯದಳ ಏರ್ಪಟ್ಟುದರಲ್ಲಿ ಅವರ ಪಾಲೂ ಇದೆ. ಬೋಯರ್ ಯುದ್ಧಕ್ಕೂ ಹೋದರು. ಮೊದಲನೆಯ ಮಹಾಯುದ್ಧದಲ್ಲಿ, ಎಪ್ಪತ್ತು ದಾಟಿದ ಮೇಲೆ, ಸರ್ಬಿಯಾದಲ್ಲಿಯೂ ಇಟಲಿಯಲ್ಲಿಯೂ ಗಾಯಾಳುಗಳ ಸೇವೆ ಮಾಡಿದರು. 1912ರಲ್ಲಿ ಸರ್ ಪದವಿ ಸಂದಿತು.

1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಫ್ಲೆಮಿಂಗರು ರಜೆ ಮುಗಿಸಿ ಬಂದು, ಬೂಷ್ಟು ಹಿಡಿದ ಗಾಜಿನ ತಟ್ಟೆಯೊಂದನ್ನು ನೋಡಿದರು. ಆ ಬೂಷ್ಟಿನ ಸುತ್ತ ಕರಗಿಹೋಗಿದ್ದುದು ಆಗ್‌ಸ್ಟನ್ನರು ಹೆಸರಿಟ್ಟ ಇದೇ ಅಣುಜೀವಿ. ಪೆನಿಸಿಲಿನ್ ಎಂಬ ಹೆಸರು ಹೊತ್ತ ಆ ವರದಿ 1929ರ ಜೂನಿನಲ್ಲಿ ಅಚ್ಚಾಯಿತು. ಆಗ್‌ಸ್ಟನ್ನರು ಅದೇ ವರ್ಷದ ಫೆಬ್ರವರಿ 1ರಂದು, 84ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು.