ನ್ಯಾಯಪೀಠವೇರಿದ ರಾಷ್ಟ್ರಸಭಾಧ್ಯಕ್ಷರು

ಸುರಪುರದ ರಾಜಾ ವೆಂಕಟಪ್ಪನಾಯಕರು 1858ರಲ್ಲಿ ಸೆರೆಸಿಕ್ಕಾಗ ಅವರ ವಿಚಾರಣೆಗೆ ಕುಳಿತವರು ಆಂಗ್ಲ ಸೇನೆಯ ಅಧಿಕಾರಿಗಳು. ಯಾರೊಡನೆ ಯುದ್ಧ ನಡೆಯಿತೋ ಅವರೇ ತೀರ್ಪನ್ನೂ ಕೊಟ್ಟರು. ಮೂರು ವರ್ಷಗಳ ತರುವಾಯ, 1861ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಹಾಯಕೋರ್ಟುಗಳ ಶಾಸನವನ್ನು ಮಾಡಿ ನ್ಯಾಯಾಧೀಶರ ಅರ್ಹತೆಗಳನ್ನು ಗೊತ್ತುಪಡಿಸಿತು. ಮುಖ್ಯ ನ್ಯಾಯಾಧೀಶರೂ ಸೇರಿ ಮೂರರಲ್ಲೊಂದು ಪಾಲು ಬ್ಯಾರಿಸ್ಟರರು, ಇನ್ನೊಂದು ಪಾಲು ಸಿವಿಲಿಯನ್ನರು. ಹತ್ತು ವರ್ಷ ವಕೀಲಿ ಮಾಡಿದ ದೇಶೀಯರಿಗೆ ದೊರೆಯಬಹುದಾದದ್ದು ಉಳಿದ ಸ್ಥಾನಗಳಲ್ಲಿ ಕೆಲವು. ಆ ಸ್ಥಾನಗಳೂ ಅರಸೊತ್ತಿಗೆಯ ಮರ್ಜಿ ಇರುವವರೆಗೆ ಮಾತ್ರ. ನಿಜಾಮರ ಸೀಮೆಗೆ ಈ ಶಾಸನವು ಅನ್ವಯಿಸಲಿಲ್ಲ; ಮುಂಬಯಿ ಇಲಾಖೆಯಲ್ಲಿ ಈ ಇಕ್ಕಟ್ಟಾದ ಬಾಗಿಲಿನಿಂದ ಒಳಹೊಕ್ಕವರಲ್ಲಿ ಕನ್ನಡ ಕರಾವಳಿಯ ಸರ್ ನಾರಾಯಣ ಗಣೇಶ ಚಂದಾವರಕರರು ಒಬ್ಬರು.

ಚಂದಾವರಕರರು 1855ರಲ್ಲಿ ಹೊನ್ನಾವರದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಕಾಯದೆಯ ಪದವಿಯನ್ನು ಪಡೆದರು. ಇಂದುಪ್ರಕಾಶ ಪತ್ರಿಕೆಯ ಆಂಗ್ಲ ವಿಭಾಗವನ್ನು ನಡೆಸಿ ಲೋಕಮತವನ್ನು ರೂಪಿಸಿದರು. 1885ರಲ್ಲಿ ಭಾರತದ ಅಹವಾಲನ್ನು ಆಂಗ್ಲ ಮತದಾರರಿಗೆ ತಿಳಿಸಲು ಮನಮೋಹನ ಘೋಷ್ ಮತ್ತು ರಾಮಸ್ವಾಮಿ ಮೊದಲಿಯಾರರೊಡನೆ ವಿಲಾಯತಿಗೆ ಹೋಗಿಬಂದರು. ರಾನಡೆಯವರ ಶಿಷ್ಯರಾಗಿ ಸಮಾಜಸುಧಾರಣೆಯಲ್ಲಿ ದುಡಿದರು. 1900ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ರಾಷ್ಟ್ರಸಭೆಯ ಅಧ್ಯಕ್ಷಸ್ಥಾನವು ಅವರ ಪಾಲಿಗೆ ಬಂದಿತು.

ಮರುವರ್ಷ ಜನವರಿಯಲ್ಲಿ ನ್ಯಾಯಮೂರ್ತಿ ರಾನಡೆಯವರು ಕಾಲವಾದರು. ಅದೇ 1901ರಲ್ಲಿ ಚಂದಾವರಕರರು ಮುಂಬಯಿ ಹಾಯಕೋರ್ಟಿನ ನ್ಯಾಯಾಧೀಶರಾದರು. ಸುಮಾರು ಇಪ್ಪತ್ತು ವರ್ಷಗಳ ವಕೀಲಿಯ ಅನುಭವವುಳ್ಳ ಅವರ ಯೋಗ್ಯತೆಯನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆದರೆ ಇದು ಒಂಟಿ ಪ್ರಸಂಗವಲ್ಲ. 1887ರ ಅಧ್ಯಕ್ಷರಾದ ಬದ್ರುದ್ದೀನ್ ತ್ಯಾಬ್ಜಿಯವರು 1895ರಲ್ಲಿ ಇದೇ ಪೀಠವನ್ನೇರಿದ್ದರು. 1897ರ ಅಧ್ಯಕ್ಷರಾದ ಶಂಕರನ್ ನಾಯರರು 1908ರಲ್ಲಿ ಮದರಾಸಿನ ಪೀಠವನ್ನೇರಿದರು. ರಾಷ್ಟ್ರಸಭೆಯ ಧುರೀಣರನ್ನು ಸರಕಾರವು ಮನ್ನಿಸಿತೆಂದು ಕೆಲವರು ಹಿಗ್ಗಬಹುದು. ಸಭೆಯ ಧುರೀಣರನ್ನು ಸಭೆಯಿಂದ ಸದ್ದಿಲ್ಲದೆ ಎತ್ತಿಕೊಂಡಿತೆಂದು ಕೆಲವರು ಮರುಗಬಹುದು. ಎರಡೂ ದಿಟವೇ. ಚಂದಾವರಕರರಂತೂ ಮುಂದಿನ ಹನ್ನೆರಡು ವರ್ಷ ರಾಜಕಾರಣದಿಂದ ದೂರ ಉಳಿದರು.

1910ರಲ್ಲಿ ನಾಸಿಕದ ಒಳಸಂಚಿನ ಮೊಕದ್ದಮೆಯನ್ನು ವಿಚಾರಿಸಿದ ವಿಶೇಷ ಪೀಠದಲ್ಲಿ ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್ ಮತ್ತು ಹೀಟನ್ನರೊಡನೆ ಚಂದಾವರಕರರೂ ಕುಳಿತರು. ವಿನಾಯಕ ದಾಮೋದರ ಸಾವರಕರರಿಗೆ ಕರಿನೀರಿನ ಶಿಕ್ಷೆಯಾಯಿತು. ಚಂದಾವರಕರರಿಗೆ ಸರ್ ಪದವಿ ದೊರೆತದ್ದೂ ಅದೇ ವರ್ಷ. ಇವೆರಡನ್ನೂ ಕಾರಣಕಾರ್ಯವಾಗಿ ಹೆಣೆಯುವುದು ಅನ್ಯಾಯ. ಆದರೆ ತೀರ್ಪು ಕೊಡುವವರಿಗೆ ಬಿರುದು ಕೊಡುವ ಅಧಿಕಾರವು ಮೊಕದ್ದಮೆ ಹೂಡಿದವರ ಕೈಯಲ್ಲಿಯೇ ಇದ್ದರೆ ಜನರ ಶಂಕೆಯನ್ನು ತಡೆಯುವ ಬಗೆ ಯಾವುದು?

1913ರಲ್ಲಿ ಪೀಠವನ್ನು ಬಿಟ್ಟ ಮೇಲೆ ಅವರು ಇಂದೂರ ಸಂಸ್ಥಾನದ ದಿವಾಣರಾದರು. 1918ರಲ್ಲಿ ಬೀಚ್‌ಕ್ರಾಫ್ಟರೊಡನೆ ಬಂಗಾಲದ ರಾಜಕೀಯ ಸ್ಥಾನಬದ್ಧರ ಕಡತಗಳನ್ನು ಪರಿಶೀಲಿಸಿದರು. ನೋಡಿದ 806 ಪ್ರಕರಣಗಳಲ್ಲಿ ಬಿಡುಗಡೆಗೆ ಯೋಗ್ಯವೆಂದು ತೋರಿದವು ಆರು ಮಾತ್ರ. ಮರುವರ್ಷದ ರೌಲತ್ ಶಾಸನವನ್ನು ಸಮರ್ಥಿಸಿದವರಿಗೆ ಈ ವರದಿಯು ಒಳ್ಳೆಯ ಊರುಗೋಲಾಯಿತು. ಆದರೂ ಜಲಿಯನ್‌ವಾಲಾಬಾಗಿನ ವಿಷಯದಲ್ಲಿ ಹಂಟರ್ ಸಮಿತಿಯು ಕೊಟ್ಟ ವರದಿಯನ್ನು ಖಂಡಿಸಲು 1920ರಲ್ಲಿ ಮುಂಬಯಿಯಲ್ಲಿ ಸೇರಿದ ಸಭೆಗೆ ಅಧ್ಯಕ್ಷರಾದವರೂ ಇವರೇ. 1921ರಲ್ಲಿ ಮುಂಬಯಿ ಶಾಸನಸಭೆಯ ಅಧ್ಯಕ್ಷರಾಗಿ, 1923ರಲ್ಲಿ ದಿವಂಗತರಾದರು.

ಇಂಥವರನ್ನು ದ್ರೋಹಿಗಳೆಂದು ತಳ್ಳಿಬಿಡುವುದು ಸುಲಭ, ಆದರೆ ಸಲ್ಲದು. ದೋಷವಿದ್ದದ್ದು ಅವರು ರಾಜಕಾರಣದಿಂದ ಬಂದುದರಲ್ಲಿಯೂ ಅಲ್ಲ. ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆಯವರು 1957ರಲ್ಲಿ ಕಾಂಗ್ರೆಸ್ ಪಕ್ಷದ ರಾಜ್ಯಸಭಾ ಸದಸ್ಯತ್ವವನ್ನು ತೊರೆದು ಮೈಸೂರು ಹಾಯಕೋರ್ಟಿನ ಪೀಠವನ್ನೇರಿದರು. ಸರ್ವೋಚ್ಚ ನ್ಯಾಯಾಲಯದಲ್ಲಿ ಅದೇ ಪಕ್ಷದ ಸರಕಾರಕ್ಕೆ ಪ್ರತಿಕೂಲವಾದ ತೀರ್ಪುಗಳನ್ನು ಕೊಟ್ಟರು. 1973ರಲ್ಲಿ ಸರಕಾರವು ಜ್ಯೇಷ್ಠತೆಯನ್ನು ಮೀರಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ರಾಜೀನಾಮೆಯನ್ನಿತ್ತು ಹೊರಬಂದರು. ನ್ಯಾಯಾಧೀಶನ ಹಿಂದಿನ ಪಕ್ಷಕ್ಕಿಂತ ಅವನ ಮುಂದಿನ ಬಡತಿಯು ಯಾರ ಕೈಯಲ್ಲಿದೆಯೆಂಬುದೇ ಹೆಚ್ಚು ವಿಚಾರಾರ್ಹವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಮ್ಮ ಸಂವಿಧಾನದಲ್ಲಿ ಅರಸೊತ್ತಿಗೆಯ ಮರ್ಜಿಗೆ ಎಡೆಯಿಲ್ಲ. ಹಾಯಕೋರ್ಟಿಗೆ ಹತ್ತು ವರ್ಷಗಳ ವಕೀಲಿ ಅಥವಾ ನ್ಯಾಯಾಧಿಕಾರವೇ ಇಂದಿಗೂ ಅರ್ಹತೆ. 1993ರಿಂದ ಆಯ್ಕೆಯ ಮೇಲುಗೈಯು ಹಿರಿಯ ನ್ಯಾಯಾಧೀಶರ ಮಂಡಲಿಗೆ ಬಂದಿದೆ. ಅದನ್ನು ಬದಲಿಸಲೆತ್ನಿಸಿದ ಶಾಸನವು 2015ರಲ್ಲಿ ಬಿದ್ದುಹೋಯಿತು. ಆದರೆ ನಿವೃತ್ತಿಯ ತರುವಾಯ ಸರಕಾರವು ಕೊಡಬಹುದಾದ ಪದವಿಗಳ ಬಾಗಿಲು ಚಂದಾವರಕರರ ಕಾಲದಂತೆಯೇ ತೆರೆದಿದೆ. ಕೊಂಕಲ್ಲಿನ ರೈತನೊಬ್ಬನು ತನ್ನ ಹೊಲದ ಬಗ್ಗೆ ಸರಕಾರದ ಮೇಲೆಯೇ ಫಿರ್ಯಾದು ಹೊತ್ತು ಕಲಬುರಗಿಯ ಪೀಠದ ಮುಂದೆ ನಿಂತಾಗ, ಎದುರು ಕುಳಿತವರು ಆ ಬಾಗಿಲಿನತ್ತ ನೋಡುತ್ತಿಲ್ಲವೆಂಬ ಭರವಸೆ ಅವನಿಗೆ ಇರಬೇಕು. ಆ ಬಾಗಿಲನ್ನು ಕಾನೂನಿನಿಂದಲೇ ಮುಚ್ಚುವುದು ನಮ್ಮ ಶಾಸಕರ ಕರ್ತವ್ಯ.