ರಾಗಿ ಲಕ್ಷ್ಮಣಯ್ಯ

ಹೋದ ವರ್ಷ ಕಾಪುವಿನ ನಮ್ಮ ಮನೆಯ ಬಾವಿಕಟ್ಟೆ ಹತ್ತಿರ ಒಂದು ಸೂರ್ಯಕಾಂತಿ ಊಟದ ಬಟ್ಟಲಿನಷ್ಟು ದೊಡ್ಡ ಹೂ ಬಿಟ್ಟಿತ್ತು. ಅದರ ಬೀಜ ತೆಗೆದಿಟ್ಟು ಈ ವರ್ಷ ಅಂಗಳದ ಆಚೆ ಹಾಕಿದೆ. ಬಂದದ್ದು ಚಾಯದ ಸಾಸರಿನಷ್ಟು ಹೂ! ಬೀಜ ಸರಿ ಇಲ್ಲವಾ, ಮಣ್ಣು ಸರಿ ಇಲ್ಲವಾ? ವಿಜ್ಞಾನದ ಟೀಚರಲ್ಲಿ ಕೇಳಿದೆ. ನೀರು, ಗೊಬ್ಬರದಿಂದ ಬಂದ ದೊಡ್ಡತನ ಬೀಜಕ್ಕೆ ಇಳಿಯುವುದಿಲ್ಲ, ಗಿಡದ ಸ್ವಂತ ಗುಣ ಮಾತ್ರ ಇಳಿಯುತ್ತದೆ ಎಂದರು. ಇವೆರಡನ್ನು ಬೇರೆ ಮಾಡಿ ನೋಡುವುದರಲ್ಲೇ ಆಯುಷ್ಯ ಕಳೆದವರು ರಾಗಿ ಲಕ್ಷ್ಮಣಯ್ಯ.

ಅವರು 1921ರಲ್ಲಿ ಮೈಸೂರು ಹತ್ತಿರದ ಹಾರೋಹಳ್ಳಿಯಲ್ಲಿ ಹುಟ್ಟಿದರು. ಕೆಲಸ ಮಾಡಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ನಮ್ಮ ಕಡೆ ರಾಗಿ ಅಂದರೆ ಮಕ್ಕಳ ಮಣ್ಣಿ, ಬೇಸಿಗೆಯ ಅಂಬಲಿ ಅಷ್ಟೆ. ಕಾರ್ಕಳ ದಾಟಿ ಘಟ್ಟ ಹತ್ತಿ ಆ ಕಡೆ ಹೋದರೆ ಅದು ದಿನದ ಮುದ್ದೆ. ಬೆಳೆ ಕಡಿಮೆಯಾದರೆ ಹೊಟ್ಟೆಗೇ ಕಡಿಮೆ.

ರಾಗಿಯ ಹೂವಿಗೆ ಹೆಚ್ಚಾಗಿ ತನ್ನದೇ ಪರಾಗ ಬೀಳುತ್ತದೆ. ಹಾಗಾಗಿ ಒಂದು ತೆನೆಯ ಸಂತಾನವೆಲ್ಲ ಒಂದೇ ಅಚ್ಚು. ಅದರಲ್ಲಿ ಎಷ್ಟು ಆರಿಸಿದರೂ ಇಲ್ಲದ ಗುಣ ಎಲ್ಲಿಂದ ಬರಬೇಕು? ಎರಡು ತಳಿ ಕೂಡಿಸಬೇಕು. ಆದರೆ ಆ ಹೂ ಎಷ್ಟು ಸಣ್ಣದು ಗೊತ್ತುಂಟಾ? ಬೆರಳಲ್ಲಿ ಬಿಡಿಸಲು ಆಗುವುದಿಲ್ಲ. ಅದಕ್ಕೆ ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಪರಾಗ ತಾಗಿಸುವ ಉಪಾಯ ಉಂಟು. ತಾಯಿ ಹಸಿರು ಗಿಡ, ತಂದೆ ನೇರಳೆ ಬಣ್ಣದ ಗಿಡ ಆದರೆ, ತಾಯಿಯ ಬೀಜದಿಂದ ಬಂದ ನೇರಳೆ ಸಸಿಯೇ ಮಿಶ್ರ ಸಂತಾನ. ಎಂಥಾ ಗುರುತು!

1950, 60ರ ದಶಕಗಳಲ್ಲಿ ಅವರು ಅರುಣ, ಉದಯ, ಪೂರ್ಣ, ಕಾವೇರಿ ತಳಿಗಳನ್ನು ಕೊಟ್ಟರು. ಆಮೇಲೆ ಆಫ್ರಿಕಾದ ರಾಗಿಯ ಕಡೆ ನೋಡಿದರು. ರಾಗಿಯ ತವರೇ ಆಫ್ರಿಕಾ. ಅಲ್ಲಿಯ ತಳಿಗಳಲ್ಲಿ ದಪ್ಪ ದಂಟು, ದೊಡ್ಡ ತೆನೆ, ಬೆಂಕಿರೋಗ ತಡೆಯುವ ಶಕ್ತಿ. ನಮ್ಮದು ನಮ್ಮ ಮಳೆಗೆ ಒಗ್ಗಿದ್ದು. ಎರಡೂ ಸೇರಿ ಇಂಡಾಫ್ ಆಯಿತು. ಇಂಡಿಯಾದ ಇಂಡ್, ಆಫ್ರಿಕಾದ ಆಫ್! ಬೇಗ ಬಿತ್ತುವವರಿಗೆ ಇಂಡಾಫ್-8, ಮಳೆ ತಡವಾದರೆ ಇಂಡಾಫ್-9.

ಕೂಡಿಸಿದ ಕೂಡಲೇ ತಳಿ ಆಗುವುದಿಲ್ಲ. ಎರಡನೇ ತಲೆಮಾರಿನಲ್ಲಿ ಉದ್ದ, ಗಿಡ್ಡ, ಬೇಗದ್ದು, ತಡದ್ದು ಎಲ್ಲ ಬೆರೆತು ಬರುತ್ತವೆ. ಒಂದೊಂದರ ಬೀಜ ಬೇರೆ ಸಾಲಿನಲ್ಲಿ ಬಿತ್ತಿ, ವರ್ಷ ವರ್ಷ ನೋಡಿ, ಬೇರೆ ಊರಿನ ಮಣ್ಣಿನಲ್ಲೂ ಗುಣ ನಿಂತರೆ ಮಾತ್ರ ಇಟ್ಟುಕೊಳ್ಳುವುದು. ನಾನು ಒಂದೇ ವರ್ಷಕ್ಕೆ ಅತ್ತುಬಿಟ್ಟಿದ್ದೆ.

ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. 1993ರಲ್ಲಿ ತೀರಿಕೊಂಡರು.

ಸೂರ್ಯಕಾಂತಿ ಮಾತ್ರ ರಾಗಿಯ ಹಾಗಲ್ಲ. ಜೇನ್ನೊಣ ಬೇರೆ ಗಿಡದ ಪರಾಗ ತರುತ್ತದೆ. ಈ ಸಲ ಉಳಿದ ಬೀಜದಲ್ಲಿ ಅರ್ಧ ಬಾವಿಕಟ್ಟೆಯಲ್ಲಿ, ಅರ್ಧ ಅಂಗಳದ ಆಚೆ ಹಾಕುತ್ತೇನೆ. ಮೊಗ್ಗಿಗೆ ಕಟ್ಟಲು ಅಜ್ಜಿ ಹಳೇ ಸೀರೆಯಲ್ಲಿ ಚೀಲ ಹೊಲಿದು ಕೊಟ್ಟಿದ್ದಾರೆ.