ಬರ್ನಾರ್ಡ್ ಪ್ಯಾಲಿಸಿ

ಬರ್ನಾರ್ಡ್ ಪ್ಯಾಲಿಸಿ (ಸು. 1510–1590) ಫ್ರಾನ್ಸ್ ದೇಶದ ಕುಂಬಾರ, ಗಾಜಿನ ಚಿತ್ರಕಾರ, ಲೇಖಕ ಹಾಗೂ ನಿಸರ್ಗದ ಅಧ್ಯಯನಕಾರ. ಚಿಪ್ಪು, ಮೀನು, ಕಪ್ಪೆ, ಹಾವು, ಹಲ್ಲಿಗಳು ಉಬ್ಬುರೂಪದಲ್ಲಿ ಮೂಡಿರುವ ಬಣ್ಣದ ಮಣ್ಣಿನ ಹರಿವಾಣಗಳಿಗಾಗಿ ಈತ ಪ್ರಸಿದ್ಧನಾಗಿದ್ದಾನೆ.

ಆರಂಭಿಕ ಜೀವನ

ಪ್ಯಾಲಿಸಿ ಹುಟ್ಟಿದ್ದು ನೈಋತ್ಯ ಫ್ರಾನ್ಸಿನಲ್ಲಿ. ಈತನಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳ ಶಿಕ್ಷಣ ದೊರೆಯಲಿಲ್ಲ. ಗಾಜಿನ ಮೇಲೆ ಚಿತ್ರ ಬರೆಯುವ ಕಸುಬು ಕಲಿತು, ಹಲವು ಪ್ರಾಂತಗಳನ್ನು ಸುತ್ತಿ, 1539ರ ಸುಮಾರಿಗೆ ಅಟ್ಲಾಂಟಿಕ್ ಕರಾವಳಿಗೆ ಸಮೀಪದ ಸ್ಯಾಂತ್ ಪಟ್ಟಣದಲ್ಲಿ ನೆಲೆಸಿದನು. ಉಪ್ಪಿನ ತೆರಿಗೆಯ ಸಲುವಾಗಿ ಸರ್ಕಾರವು ಅಲ್ಲಿನ ಕಡಲತೀರದ ಉಪ್ಪಿನ ಗದ್ದೆಗಳನ್ನು ಅಳತೆ ಮಾಡಿಸಿದಾಗ ನಕ್ಷೆ ತಯಾರಿಸುವ ಕೆಲಸ ಈತನ ಪಾಲಿಗೆ ಬಂದಿತು.

ಮೆರುಗಿನ ಪ್ರಯೋಗಗಳು

ಬಿಳಿಯ ಮೆರುಗು ಕೊಟ್ಟ ಒಂದು ಬಟ್ಟಲನ್ನು ಕಂಡ ಪ್ಯಾಲಿಸಿ, ಅದರ ಗುಟ್ಟನ್ನು ತಾನೇ ಕಂಡುಹಿಡಿಯಲು ಹೊರಟನು. ಆಗ ಈತನಿಗೆ ಮಣ್ಣಿನ ಕೆಲಸದ ಪರಿಚಯವಿರಲಿಲ್ಲ. ಸುಮಾರು ಹದಿನಾರು ವರ್ಷ ಪ್ರಯೋಗಗಳು ನಡೆದವು; ಕುಟುಂಬ ಬಡತನಕ್ಕಿಳಿಯಿತು. ಸೌದೆ ಮುಗಿದಾಗ ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಆವಿಗೆಗೆ ಹಾಕಿದುದಾಗಿ ತನ್ನ ಗ್ರಂಥದಲ್ಲಿ ಈತನೇ ಹೇಳಿಕೊಂಡಿದ್ದಾನೆ.

ಕೃತಿಗಳು

ನಿಜವಾದ ಜೀವಿಗಳಿಂದಲೇ ಅಚ್ಚು ತೆಗೆದು, ಜೇಡಿಮಣ್ಣಿನಲ್ಲಿ ಎರಕಗೊಳಿಸಿ, ಸೀಸದ ಮೆರುಗು ಕೊಟ್ಟು ಸುಡುವುದು ಪ್ಯಾಲಿಸಿಯ ವಿಧಾನ. ಹಸಿರಿಗೆ ತಾಮ್ರ, ನೀಲಿಗೆ ಕೋಬಾಲ್ಟ್, ಕಂದು ಬಣ್ಣಕ್ಕೆ ಮ್ಯಾಂಗನೀಸ್ ಬಳಕೆಯಾಗುತ್ತಿದ್ದವು. ಊಟಕ್ಕಿಂತ ಹೆಚ್ಚಾಗಿ ಶ್ರೀಮಂತರ ಮನೆಗಳ ಅಲಂಕಾರಕ್ಕೆ ಈ ಹರಿವಾಣಗಳು ಒದಗಿದವು. ಸೇನಾಧಿಪತಿ ಆನ್ ದ ಮೊಂಮೊರೆನ್ಸಿ, ರಾಣಿ ಕ್ಯಾಥರೀನ್ ದ ಮೆಡಿಚಿ ಈತನ ಆಶ್ರಯದಾತರು. ರಾಣಿಗಾಗಿ ಪ್ಯಾರಿಸ್ಸಿನ ಟ್ಯೂಲರಿ ಅರಮನೆಯ ತೋಟದಲ್ಲಿ ಮಣ್ಣಿನ ಜೀವಿಗಳಿಂದ ಅಲಂಕೃತವಾದ ಕೃತಕ ಗುಹೆಯೊಂದರ ನಿರ್ಮಾಣಕ್ಕೆ ಕೈಹಾಕಿದನು.

ಪಳೆಯುಳಿಕೆಗಳ ಅಧ್ಯಯನ

ಕಲ್ಲಿನೊಳಗೆ ಸಿಗುವ ಚಿಪ್ಪುಗಳನ್ನು ಪ್ರಕೃತಿಯ ವಿನೋದವೆಂದು ಅನೇಕ ವಿದ್ವಾಂಸರು ತಿಳಿದಿದ್ದ ಕಾಲವದು. ಪ್ಯಾಲಿಸಿ ಅವನ್ನು ಕರಾವಳಿಯ ಚಿಪ್ಪುಗಳೊಡನೆ ಹೋಲಿಸಿ, ಅವು ಒಮ್ಮೆ ಜೀವಿಸಿದ್ದ ಪ್ರಾಣಿಗಳ ಉಳಿಕೆಗಳೆಂದು ವಾದಿಸಿದನು. ಬುಗ್ಗೆಗಳ ನೀರಿಗೆ ಮಳೆಯೇ ಮೂಲವೆಂದೂ ತಿಳಿಸಿದನು. 1575ರಿಂದ ಪ್ಯಾರಿಸ್ಸಿನಲ್ಲಿ ಉಪನ್ಯಾಸಗಳನ್ನು ನೀಡಿದನು. ತನ್ನ ಮಾತು ಸುಳ್ಳೆಂದು ಸಾಧಿಸಿದವರಿಗೆ ಪ್ರವೇಶಧನದ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಸಾರಿದ್ದನು. ಈ ವಿಚಾರಗಳು 1580ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಪ್ಯಾಲಿಸಿಯ ಹರಿವಾಣಗಳ ಮೇಲಿನ ಚಿಪ್ಪುಗಳು ಪ್ಯಾರಿಸ್ ಪ್ರದೇಶದ ಪಳೆಯುಳಿಕೆ ಚಿಪ್ಪುಗಳೆಂದು 19ನೆಯ ಶತಮಾನದ ಭೂವಿಜ್ಞಾನಿ ಅಲೆಕ್ಸಾಂಡರ್ ಬ್ರಾಂಗ್ನ್ಯಾರ್ ಗುರುತಿಸಿದನು. ಕಡಲು ಹಿಂದೆ ಸರಿದು ಯುಗಗಳೇ ಕಳೆದ ನೆಲದ ಚಿಪ್ಪುಗಳು ಹೀಗೆ ಮನೆಯ ಹರಿವಾಣವನ್ನು ಸೇರಿದ್ದವು.

ಸೆರೆವಾಸ ಮತ್ತು ಮರಣ

ಪ್ಯಾಲಿಸಿ ಪ್ರಾಟೆಸ್ಟೆಂಟ್ ಮತವನ್ನು ಸ್ವೀಕರಿಸಿದ್ದನು. 1560ರ ದಶಕದ ಆರಂಭದಲ್ಲಿ ಬಂಧಿತನಾದಾಗ ಆಶ್ರಯದಾತರ ಪ್ರಭಾವದಿಂದ ಬಿಡುಗಡೆ ಹೊಂದಿದನು. 1572ರ ಹತ್ಯಾಕಾಂಡದ ಬಳಿಕ ಸೆಡಾನ್ ನಗರದಲ್ಲಿ ಆಶ್ರಯ ಪಡೆದನು. 1580ರ ದಶಕದ ಕೊನೆಯಲ್ಲಿ ಮತ್ತೆ ಸೆರೆಯಾದನು. ಮತ ಬಿಡಲು ಒಪ್ಪದೆ, ಸುಮಾರು ಎಂಬತ್ತರ ಮುಪ್ಪಿನಲ್ಲಿ ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆಯಲ್ಲಿ ಮಡಿದನು.

ಪ್ರಭಾವ

19ನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ನಗರದ ಶಾರ್ಲ್-ಜಾನ್ ಅವಿಸ್ಸೊ ಈ ಕಲೆಗೆ ಮರುಜೀವ ನೀಡಿದನು. ಇಂಗ್ಲೆಂಡಿನ ಮಿಂಟನ್ ಕಾರ್ಖಾನೆ, ಪೋರ್ಚುಗಲ್ಲಿನ ಕಾಲ್ದಸ್ ದ ರೈನ್ಯಾ ಊರಿನ ಕುಂಬಾರರೂ ಇದೇ ಮಾದರಿಯನ್ನು ಅನುಸರಿಸಿದರು. ಅನುಕರಣೆಗಳು ಹೇರಳವಾಗಿರುವುದರಿಂದ ಪ್ಯಾಲಿಸಿಯ ಸ್ವಂತ ಕೃತಿಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಟ್ಯೂಲರಿ ಆವರಣದ ಉತ್ಖನನದಲ್ಲಿ ದೊರೆತ ಆವಿಗೆಯ ಅವಶೇಷಗಳು ಮತ್ತು ಅಚ್ಚುಗಳು ಈ ಅಧ್ಯಯನಕ್ಕೆ ಆಧಾರವಾಗಿವೆ.